ಶಾಲಾ ಕ್ರೀಡಾಕೂಟದ ಆ ದಿನಗಳು: 70, 80, 90ರ ದಶಕದಲ್ಲಿ ಓದಿದವರು ಬನ್ನಿ, ನಿಮ್ಮ ಕಡೆ ಹೇಗಿತ್ತು ಹೇಳಿ

ಹೇಮಾವತಿ ದಂಡೆ (ಹಾಸನ ಜಿಲ್ಲೆ):

ಡಿಸೆಂಬರ್ ಬಂತೆಂದರೆ ನಮ್ಮ ಹೈಸ್ಕೂಲಿನಲ್ಲಿ ಮಧ್ಯಾಹ್ನದ ಕೊನೆಯ ಎರಡು ಪಿರಿಯಡ್ ಮೈದಾನಕ್ಕೆ ಮೀಸಲು. ನಾನು ಓದಿದ್ದು ಎಂಬತ್ತರ ದಶಕದಲ್ಲಿ, ಒಂದು ಹೋಬಳಿ ಕೇಂದ್ರದ ಶಾಲೆಯಲ್ಲಿ. ಮಳೆಗಾಲದಲ್ಲಿ ಎದ್ದ ಹುಲ್ಲು, ತೊಗಚೆ ಗಿಡ, ಮುಟ್ಟಿದರೆ ಮುನಿ ಎಲ್ಲ ಅಷ್ಟೊತ್ತಿಗೆ ಒಣಗಿ ನಿಂತಿರೋದು. ಎಂಟನೇ ಕ್ಲಾಸಿನವರು ಕಲ್ಲು ಆರಿಸಬೇಕು. ಒಂಬತ್ತನೆಯವರು ಮನೆಯಿಂದ ಕುಡುಗೋಲು ತಂದು ಹುಲ್ಲು ಸವರಬೇಕು. ಹತ್ತನೆಯವರಿಗೆ ಉದ್ದ ಜಿಗಿತದ ಗುಂಡಿ: ಗಟ್ಟಿಯಾದ ಹಳೇ ಮರಳನ್ನು ಅಗೆದು ಸಡಿಲ ಮಾಡಿ, ಹೊಳೆಯಿಂದ ಹೊಸ ಮರಳು ತಂದು ತುಂಬೋದು. ಯಾರಾದರೂ ಹುಡುಗನ ಮನೆಯ ಎತ್ತಿನ ಗಾಡಿ ಅವತ್ತು ಶಾಲೆಗೆ ಬರುತ್ತಿತ್ತು.

ಕ್ರೀಡಾಕೂಟ ಅಂದಕೂಡಲೇ ಎಲ್ಲರೂ ಗೆದ್ದ ಕಪ್ಪು, ಪದಕ ಹೇಳುತ್ತಾರೆ. ನನಗೆ ಅದರ ಹಿಂದಿನ ಆ ವಾರಗಳೇ ಹೆಚ್ಚು. ಓಟಕ್ಕೆ ಹೆಸರೇ ಕೊಡದ ಹುಡುಗನೂ ಆ ಮೈದಾನದ ಯಾವ ಮೂಲೆಯಲ್ಲಿ ಕಲ್ಲಿದೆ, ಎಲ್ಲಿ ಇಳಿಜಾರು ಅಂತ ಬಲ್ಲವನಾಗಿದ್ದ. ಕೆಲಸ ಮಾಡಿದ ಜಾಗ ತನ್ನದಾಗುತ್ತೆ. ಈಗ ದುಡ್ಡು ಕೊಟ್ಟರೆ ಶಾಮಿಯಾನದವರೇ ಬಂದು ಗೆರೆ ಎಳೆದು, ಬಾವುಟ ಕಟ್ಟಿ ಹೋಗುತ್ತಾರೆ. ಮಕ್ಕಳು ಬೆಳಿಗ್ಗೆ ಬಂದು ಓಡಿ ಹೋಗುತ್ತಾರೆ. ನನ್ನ ಮಟ್ಟಿಗೆ ಕಳೆದುಹೋಗಿರೋದು ಇದೇ.

ಕ್ರೀಡಾಜ್ಯೋತಿಯನ್ನೂ ನಾವೇ ಮಾಡುತ್ತಿದ್ದೆವು. ಹಾಲಿನ ಪುಡಿಯ ಖಾಲಿ ಡಬ್ಬಕ್ಕೆ ಉದ್ದ ಮರದ ಹಿಡಿ, ಒಳಗೆ ಸೀಮೆಎಣ್ಣೆಯಲ್ಲಿ ನೆನೆಸಿದ ಗೋಣಿ ಚೂರು. ಊರ ಬಾಗಿಲಿನಿಂದ ಶಾಲೆವರೆಗೆ ಒಬ್ಬರ ಕೈಯಿಂದ ಒಬ್ಬರಿಗೆ. ಕಪ್ಪು ಹೊಗೆ ಮುಖಕ್ಕೆ ಹೊಡೆದರೂ ಕೈ ಕೆಳಗೆ ಬರಬಾರದು ಅನ್ನೋ ಹಟ.

ನಿಮ್ಮ ಕಡೆಯದ್ದು ಹೇಳಿ.

ಎರೆಹೊಲ (ಧಾರವಾಡ ಜಿಲ್ಲಾ):

ಭಾಳ ಚೊಲೋ ವಿಷಯ ತಗದೀರಿ. ನಮ್ಮ ಕಡೆ ಎರಿ ಮಣ್ಣು. ಹಸಿ ಇದ್ರ ಕಾಲಿಗೆ ಮೆತ್ತಿಕೋತದ, ಒಣಗಿದ್ರ ಬಿರುಕು ಬಿಡ್ತದ, ಬಿರುಕಿನಾಗ ಕಾಲು ಸಿಕ್ರ ಹಿಮ್ಮಡ ಹೊಳ್ಳತದ. ಅದಕ್ಕ ನಮ್ಮ ಸಾಲ್ಯಾಗ ಖೋ ಖೋ ಅಂಕಣಕ್ಕ ಬ್ಯಾರೆ ಕಡೆಯಿಂದ ಮಸಾರಿ ಮಣ್ಣು ಹೇರಿಸಿ, ನೀರು ಹೊಡದು, ರೂಲಕಲ್ಲು ಉರುಳಸ್ತಿದ್ರು. ಆ ಕಲ್ಲು ಎಳಿಯಾಕ ಹುಡುಗೂರು ಪಾಳಿ ಹಚ್ಚತಿದ್ವಿ.

ಕವಾಯತ ಅಂದ್ರ ನಮ್ಮ ಕಡೆ ಲೇಜಿಮು. ಕಟಗಿ ಹಿಡಿಕಿ, ಕಬ್ಬಿಣದ ಸರಪಳಿ, ಅದರಾಗ ತಗಡಿನ ಬಿಲ್ಲೆ. ಹಲಗಿ ಬಡತಕ್ಕ ಇಡೀ ಸಾಲಿ ಒಮ್ಮೆ ಕೂತು ಒಮ್ಮೆ ಎದ್ದು ಝಣ್ ಅಂತ ಬಿಚ್ಚಿದ್ರ, ಊರ ಮಂದಿ ಹೊಲದ ಕೆಲಸ ಬಿಟ್ಟು ಬಂದು ನಿಂದರತಿದ್ರು. ದೊಡ್ಡ ಹುಡುಗೂರದು ಮಲ್ಲಕಂಬ. ಕಂಬಕ್ಕ ಔಡಲ ಎಣ್ಣಿ ಹಚ್ಚೋ ಕೆಲಸಕ್ಕೂ ಜಗಳ ಆಗ್ತಿತ್ತು.

ಖೋ ಖೋ ಬಗ್ಗೆ ಒಂದು ಮಾತು. ನೋಡಾಕ ಸರಳ ಆಟ, ಆಡಿದವರಿಗೆ ಗೊತ್ತು. ಎಂಟು ಮಂದಿ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮಾರಿ ಮಾಡಿ ಕುಂತಿರ್ತಾರ. ಬೆನ್ನಟ್ಟಾಂವ ನಡು ಗೆರಿ ದಾಟೂಹಂಗಿಲ್ಲ, ಕಂಬ ಸುತ್ತಿ ಬರೂತನ ತಿರುಗಿ ಓಡೂಹಂಗೂ ಇಲ್ಲ. ಓಡಾಂವಗ ಅಂಥ ಕಟ್ಟಿಲ್ಲ. ಅದಕ್ಕ ಸಿಂಗಲ್ ಚೈನ್ ಹಾಕಿ ಒಬ್ಬೊಬ್ಬರ ನಡುವ ಹಾಯ್ದು ಓಡೋ ಹುಡುಗ ಐದು ನಿಮಿಷ ಉಳದ ಅಂದ್ರ ಅವನ ಹೆಸರು ಹೋಬಳಿಗೆಲ್ಲ ಗೊತ್ತಾಗತಿತ್ತು. ನಮ್ಮ ಊರಾಗ ಅಂಥವ ಒಬ್ಬ ಕುರಿ ಕಾಯೋ ಮನಿ ಹುಡುಗ ಇದ್ದ. ಬೂಟು ಅನ್ನೋದು ಅಂವ ಕಂಡಿದ್ದಿಲ್ಲ. ಸಾಕ್ಷಾತ್ ಗಾಳಿ.

ಗುಡ್ಡದ ಮೈದಾನ (ಪುತ್ತೂರು ಕಡೆ):

ನಮ್ಮಲ್ಲಿ ಸಮತಟ್ಟು ಜಾಗವೇ ಇಲ್ಲ. ಹೆಚ್ಚಿನ ಶಾಲೆಗಳ ಮೈದಾನ ಗುಡ್ಡ ಕಡಿದು ಮಾಡಿದ್ದು. ಒಂದು ಬದಿ ಮುರಕಲ್ಲಿನ ಬರೆ, ಇನ್ನೊಂದು ಬದಿ ನೇರ ಕೆಳಗೆ ತೋಟ. ವಾಲಿಬಾಲ್ ಆ ಬದಿಗೆ ಹೋದರೆ ಆಟ ನಿಲ್ಲಿಸಿ, ಒಬ್ಬ ಅಡಿಕೆ ತೋಟಕ್ಕೆ ಇಳಿದು ತೋಡಿನಲ್ಲಿ ಹುಡುಕಿ ತರುವುದು. ಮೈದಾನವನ್ನು ಅಗಲ ಮಾಡಿದ್ದು ಊರವರ ಶ್ರಮದಾನದಿಂದ. ಭಾನುವಾರ ಹಾರೆ, ಪಿಕ್ಕಾಸು, ಬುಟ್ಟಿ ಹಿಡಿದುಕೊಂಡು ಅಪ್ಪಂದಿರೆಲ್ಲ ಬರುತ್ತಿದ್ದರು. ಹಾಗಾಗಿ ಮೊದಲ ಪೋಸ್ಟಿನಲ್ಲಿ ಬರೆದದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಉಂಟು.

ಕ್ರೀಡಾಕೂಟದ ದಿವಸ ಬಂದವರಿಗೆಲ್ಲ ಬೆಲ್ಲ ಮತ್ತು ನೀರು. ಮಕ್ಕಳ ಓಟ ಮುಗಿದ ಮೇಲೆ ಹಳೆ ವಿದ್ಯಾರ್ಥಿಗಳಿಗೆ ಹಗ್ಗಜಗ್ಗಾಟ, ತಾಯಂದಿರಿಗೆ ಸಂಗೀತ ಕುರ್ಚಿ. ಸಂಗೀತ ಅಂದರೆ ತಟ್ಟೆಗೆ ಚಮಚದಲ್ಲಿ ಬಡಿಯುವುದು. ನನ್ನ ಅಮ್ಮ ಆ ಒಂದು ದಿವಸ ಸೀರೆ ಎತ್ತಿ ಕಟ್ಟಿ ಕುರ್ಚಿಯ ಸುತ್ತ ಓಡಿದ್ದನ್ನು ನೋಡಿದ್ದೇನೆ. ಮನೆಯಲ್ಲಿ ಅವರು ನಗುವುದೇ ಕಡಿಮೆ ಇತ್ತು. ಅವತ್ತು ಕೊನೆಯ ಎರಡು ಜನರಲ್ಲಿ ಉಳಿದು, ಕುರ್ಚಿಗೆ ಕೈ ಹಾಕಿ ಹಿಡಿದು ಕುಳಿತೇಬಿಟ್ಟರು. ಬಹುಮಾನ ಒಂದು ಸೋಪಿನ ಪೆಟ್ಟಿಗೆ. ಅದನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ.

ಕಬ್ಬಿನಗದ್ದೆ (ಮಂಡ್ಯ):

ಎಲ್ಲ ಚೆನ್ನಾಗದೆ. ಒಂದು ವಿಚಾರ ಯಾರಾದ್ರೂ ಬಿಡಿಸಿ ಹೇಳಿ. ನಮ್ಮೂರಲ್ಲಿ ವರ್ಷಾ ವರ್ಷ 200 ಮೀಟರ್ ಓಟಕ್ಕೆ ಗಲಾಟೆ. ಹೊರಗಡೆ ಪಥದಲ್ಲಿ ನಿಂತವನನ್ನ ಏಳೆಂಟು ಹೆಜ್ಜೆ ಮುಂದೆ ನಿಲ್ಲಿಸೋರು. "ಅವ್ನು ನಿಮ್ಮ ಕಡೆಯವ್ನು ಅಂತ ಮುಂದ್ಕೆ ನಿಲ್ಸಿದೀರಾ" ಅಂತ ನಮ್ಮ ಚಿಕ್ಕಪ್ಪ ಗೆರೆ ಮೇಲೇ ಕೂತುಬಿಟ್ಟಿದ್ರು. ಪಿ.ಟಿ. ಮೇಷ್ಟ್ರು ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಲೆಕ್ಕ ಹೆಂಗೆ ಹಾಕೋರು ಅದನ್ನ?

ಸುಣ್ಣದ ಗೆರೆ (ನಿವೃತ್ತ ದೈಹಿಕ ಶಿಕ್ಷಕ, ಚಿತ್ರದುರ್ಗ ಜಿಲ್ಲೆ):

ಎಪ್ಪತ್ತರ ದಶಕದ ಕೊನೆಯಲ್ಲಿ ಕೆಲಸಕ್ಕೆ ಸೇರಿದವನು ನಾನು. ನಿಮ್ಮ ಚಿಕ್ಕಪ್ಪನಂಥವರನ್ನು ಪ್ರತಿ ಊರಲ್ಲೂ ಕಂಡಿದ್ದೇನೆ. ಅವರ ಸಿಟ್ಟಿನಲ್ಲೂ ನ್ಯಾಯವಿತ್ತು, ಕಣ್ಣಿಗೆ ಕಂಡದ್ದನ್ನು ಕೇಳಿದರು. ಲೆಕ್ಕ ಹೀಗಿದೆ.

ಹಳ್ಳಿ ಶಾಲೆಗೆ 400 ಮೀಟರಿನ ಟ್ರ್ಯಾಕ್ ಎಲ್ಲಿ ಬರಬೇಕು? ನಾವು ಹಾಕುತ್ತಿದ್ದುದು 200 ಮೀಟರಿನದು. ಎರಡು ನೇರ ಗೆರೆ, ಎರಡು ತುದಿಗೆ ಅರ್ಧವೃತ್ತ. ತ್ರಿಜ್ಯ 15 ಮೀಟರ್ ಹಿಡಿದರೆ ಎರಡು ತಿರುವು ಸೇರಿ 94.25 ಮೀಟರ್ ಆಗುತ್ತದೆ. ಉಳಿದ 105.75ನ್ನು ಎರಡು ಪಾಲು ಮಾಡಿದರೆ ಒಂದೊಂದು ನೇರ ಭಾಗ ಸುಮಾರು 52.87 ಮೀಟರ್. ಓಡುವವನ ಕಾಲು ಗೆರೆಯ ಮೇಲೆ ಬೀಳುವುದಿಲ್ಲ, ಸ್ವಲ್ಪ ಆಚೆ ಬೀಳುತ್ತದೆ. ಅದಕ್ಕೆ ಸುಣ್ಣದ ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೆಯಬೇಕು. ಅಂದರೆ ಹಗ್ಗ 15 ಮೀಟರ್ ಅಲ್ಲ, 14.80ಕ್ಕೆ ಗಂಟು ಹಾಕಿ ಗೂಟ ಸುತ್ತಬೇಕು. ಮೂಲೆ ನೆಟ್ಟಗೆ ಬರಲಿಕ್ಕೆ ಹಗ್ಗದಲ್ಲಿ 3, 4, 5 ಮೀಟರಿನ ತ್ರಿಕೋನ ಎಳೆಯುತ್ತಿದ್ದೆವು. ಪೈಥಾಗೊರಸ್ ಪ್ರಮೇಯ ಬಾಯಿಪಾಠ ಮಾಡಿದ್ದ ಹುಡುಗರಿಗೆ ಅದು ಯಾತಕ್ಕೆ ಅಂತ ಅಲ್ಲಿ ಗೊತ್ತಾಗುತ್ತಿತ್ತು. ಗಣಿತದ ಮೇಷ್ಟ್ರನ್ನು ಬೇಕಂತಲೇ ಕರೆಯುತ್ತಿದ್ದೆ.

ಈಗ ನಿಮ್ಮ ಪ್ರಶ್ನೆ. ಒಂದು ಪಥದ ಅಗಲ 1.22 ಮೀಟರ್. ಒಂದು ಪಥ ಹೊರಗೆ ಹೋದ ಹಾಗೆಲ್ಲ ತ್ರಿಜ್ಯ ಅಷ್ಟು ಹೆಚ್ಚುತ್ತದೆ. ಪೂರ್ತಿ ಒಂದು ಸುತ್ತಿಗೆ ಎರಡು ಪೈ ಗುಣಿಲೆ 1.22, ಅಂದರೆ ಸುಮಾರು 7.66 ಮೀಟರ್ ಹೆಚ್ಚು ಓಟ. ಅದಕ್ಕೇ ಎರಡನೇ ಪಥದವನು ಅಷ್ಟು ಮುಂದೆ, ಮೂರನೆಯವನು ಅದರ ಎರಡರಷ್ಟು ಮುಂದೆ. ಮುಗಿಯುವ ಗೆರೆ ಎಲ್ಲರಿಗೂ ಒಂದೇ. ನಾನು ಊರ ಹಿರಿಯರಿಗೆ ಲೆಕ್ಕ ಹೇಳುತ್ತಿರಲಿಲ್ಲ. ಹಗ್ಗ ಅವರ ಕೈಗೇ ಕೊಟ್ಟು ಎರಡೂ ಪಥವನ್ನು ಗೆರೆಗುಂಟ ಅಳೆಯಿರಿ ಅನ್ನುತ್ತಿದ್ದೆ. ಅಳೆದ ಮೇಲೆ ಮುಂದಿನ ವರ್ಷದಿಂದ ಅವರೇ ಉಳಿದವರಿಗೆ ಬುದ್ಧಿ ಹೇಳುವವರು.

ಆರಂಭಕ್ಕೆ ಪಿಸ್ತೂಲು ನಮ್ಮಲ್ಲಿ ಇರಲಿಲ್ಲ. ಎರಡು ಮರದ ಹಲಗೆಗೆ ಕೀಲು ಹಾಕಿಸಿದ ಕ್ಲಾಪರ್. ಬಡಿದಾಗ ಸದ್ದೂ ಕೇಳುತ್ತದೆ, ದೂರದಲ್ಲಿ ಸ್ಟಾಪ್‌ವಾಚ್ ಹಿಡಿದವರಿಗೆ ಹಲಗೆ ಕೂಡಿದ್ದೂ ಕಾಣುತ್ತದೆ. ಕೊನೆಗೆ ಹಿಡಿಯುವ ದಾರ ಉಲ್ಲನ್ನಿನದೇ ಆಗಬೇಕು, ಎದೆಗೆ ತಾಗಿದರೆ ತುಂಡಾಗುವಂಥದ್ದು. ಎತ್ತರ ಜಿಗಿತಕ್ಕೆ ಮರಳಿನ ಗುಂಡಿ ಮಾತ್ರ ಇತ್ತು, ಹಾಸಿಗೆ ಇಲ್ಲ. 1968ರಲ್ಲೇ ಮೆಕ್ಸಿಕೊದಲ್ಲಿ ಫಾಸ್ಬರಿ ಬೆನ್ನು ಕೆಳಗೆ ಮಾಡಿ ಹಾರಿ ಚಿನ್ನ ಗೆದ್ದಿದ್ದರೂ, ನಮ್ಮ ಮಕ್ಕಳಿಗೆ ಕತ್ತರಿ ಜಿಗಿತವನ್ನೇ ಹೇಳಿಕೊಡಬೇಕಾಗಿತ್ತು. ಮರಳಿನ ಮೇಲೆ ಬೆನ್ನು ಬಿದ್ದರೆ ಕತ್ತಿಗೆ ಏಟು. ಜಿಲ್ಲಾ ಮಟ್ಟಕ್ಕೆ ಹೋದಾಗ ಹಾಸಿಗೆ ಇದ್ದ ಶಾಲೆಯ ಹುಡುಗರು ನಮ್ಮವರಿಗಿಂತ ಒಂದು ಗೇಣು ಮೇಲೆ ಹಾರುತ್ತಿದ್ದರು. ಶಕ್ತಿಯಲ್ಲಿ ನಮ್ಮ ಮಕ್ಕಳು ಏನೂ ಕಡಿಮೆ ಇರಲಿಲ್ಲ. ಇವತ್ತಿಗೂ ಆ ಸಂಕಟ ಹೋಗಿಲ್ಲ.

ಕಬ್ಬಿನಗದ್ದೆ (ಮಂಡ್ಯ):

ಮೇಷ್ಟ್ರೇ, ಕೈ ಮುಗಿದೆ. ಚಿಕ್ಕಪ್ಪನಿಗೆ ಈಗಲೇ ಓದಿ ಹೇಳ್ತೀನಿ.

ತುಂಗಾತೀರದವಳು:

ಇಲ್ಲಿಯವರೆಗೆ ಬರೆದವರ ನೆನಪುಗಳಲ್ಲಿ ಹುಡುಗಿಯರು ಎಲ್ಲೂ ಓಡಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡರು. ಎರಡು ವರ್ಷದ ಮೇಲೆ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ನಾಲ್ಕು ಚಿನ್ನ, ಒಂದು ಬೆಳ್ಳಿ. ಆ ರಿಲೇ ಚಿನ್ನದ ತಂಡದಲ್ಲಿ ನಮ್ಮ ವಂದನಾ ರಾವ್ ಇದ್ದರು. ಕೊಡಗಿನ ಅಶ್ವಿನಿ ನಾಚಪ್ಪ ಅವರ ಚಿತ್ರ ಪತ್ರಿಕೆಯಲ್ಲಿ ಬಂದರೆ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಿದ್ದೆ. ಕರ್ನಾಟಕದ ಯಾವ ಊರಿನಲ್ಲಿ ಜೋರಾಗಿ ಓಡುವ ಹುಡುಗಿಯಿದ್ದರೂ ಅವಳನ್ನು ಪಿ.ಟಿ. ಉಷಾ ಅಂತ ಕರೆಯುತ್ತಿದ್ದ ಕಾಲ ಅದು. ನನ್ನನ್ನೂ ಕರೆದರು.

ಏಳನೇ ಕ್ಲಾಸಿನವರೆಗೆ ಲಂಗದಲ್ಲೇ ಓಡಿದೆ, ಒಂದು ಕೈಯಲ್ಲಿ ಅಂಚು ಎತ್ತಿ ಹಿಡಿದುಕೊಂಡು. ಎರಡೂ ಕೈ ಬೀಸಿ ಓಡಬೇಕು ಅಂತ ಹೇಳಿಕೊಟ್ಟದ್ದು ಹೈಸ್ಕೂಲಿನ ಪಿ.ಟಿ. ಮೇಡಂ. ಅವರೇ ಮನೆಗೆ ಬಂದು ಅಮ್ಮನ ಹತ್ತಿರ ಮಾತಾಡಿ, ಮಂಡಿವರೆಗಿನ ಚಡ್ಡಿ ಹೊಲಿಸಿದರು. ಮೇಲೆ ಲಂಗ, ಮೈದಾನಕ್ಕೆ ಬಂದ ಮೇಲೆ ಲಂಗ ಬಿಚ್ಚಿ ಗೆಳತಿಯ ಕೈಗೆ. ಹೋಬಳಿಯಲ್ಲಿ 100 ಮೀಟರ್, 200 ಮೀಟರ್ ಎರಡೂ ಗೆದ್ದೆ. ತಾಲ್ಲೂಕಿನಲ್ಲಿ 200 ಗೆದ್ದೆ. ಜಿಲ್ಲಾ ಮಟ್ಟಕ್ಕೆ ಎರಡು ರಾತ್ರಿ ಬೇರೆ ಊರಲ್ಲಿ ಇರಬೇಕಿತ್ತು. ಅಪ್ಪ ಬೇಡ ಅಂದರು. ಮೇಡಂ ಮತ್ತೆ ಬಂದರು, ಹೆಡ್ ಮಾಸ್ಟರೂ ಬಂದರು, ಅಪ್ಪ ಕಾಫಿ ಕೊಟ್ಟು ಕಳಿಸಿದರು. ಅಲ್ಲಿಗೆ ಮುಗಿಯಿತು.

ನಮ್ಮ ತರಗತಿಯ ಹುಡುಗಿಯರಲ್ಲಿ ಹೆಚ್ಚಿನವರು ಹೈಸ್ಕೂಲಿಗೆ ಬಂದ ಮೇಲೆ ಮೈದಾನದ ಅಂಚಿಗೆ ಸರಿದು ಕುಳಿತರು. ಅವರಿಗಾಗಿ ಉಳಿದದ್ದು ಲಿಂಬೆಹಣ್ಣು ಚಮಚ, ಸೂಜಿದಾರ, ರಂಗೋಲಿ. ಆ ದಿನಗಳು ಚೆನ್ನಾಗಿದ್ದವು, ನಿಜ. ಆದರೆ ಎಷ್ಟು ಜನರಿಗೆ ಚೆನ್ನಾಗಿದ್ದವು ಅಂತಲೂ ಕೇಳಿಕೊಳ್ಳಬೇಕು. ಇವತ್ತು ನನ್ನ ಅಣ್ಣನ ಮಗಳು ಟ್ರ್ಯಾಕ್ ಸೂಟ್ ಹಾಕಿಕೊಂಡು ರಾಜ್ಯಮಟ್ಟಕ್ಕೆ ಹೋಗಿ ಬರುತ್ತಾಳೆ. ಅವಳ ಚೀಲ ಬಸ್ಸಿಗೆ ಹತ್ತಿಸಿ ಬರುವವರು ಅದೇ ನನ್ನ ಅಪ್ಪ.

ಗುಡ್ಡದ ಮೈದಾನ (ಪುತ್ತೂರು ಕಡೆ):

ಓದಿ ಸುಮ್ಮನೆ ಕುಳಿತೆ. ಆ ಮೇಡಂ ಎಂಥ ಮನುಷ್ಯರು!

ಕಾಫಿ ಹೂ (ಕೊಡಗು):

ನಮ್ಮಲ್ಲಿ ಓಟಕ್ಕಿಂತ ಹಾಕಿ. ಸ್ಟಿಕ್ ಕೊಳ್ಳಲು ಆಗದವರು ಕಾಡಿನಿಂದ ಬಾಗಿದ ಕೊಂಬೆ ಕಡಿದು ತರುತ್ತಿದ್ದರು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ, ಶಾಲೆಯಲ್ಲಿ ಆಡಿ ಬಿಟ್ಟಿದ್ದ ಹಿರಿಯರೆಲ್ಲ ಮತ್ತೆ ಸ್ಟಿಕ್ ಹಿಡಿದರು. ಅಜ್ಜ, ಮೊಮ್ಮಗ ಒಂದೇ ತಂಡದಲ್ಲಿ ಆಡಿದ್ದನ್ನು ನೋಡಿದ್ದೇನೆ.

ನಾಲ್ಕನೇ ಮಹಡಿ (ಬೆಂಗಳೂರು):

ನಾನು 90ರ ದಶಕದಲ್ಲಿ ನಗರದಲ್ಲೇ ಓದಿದವನು. ನಮ್ಮ ಶಾಲೆಗೆ ಮೈದಾನವೇ ಇರಲಿಲ್ಲ. ವರ್ಷಕ್ಕೊಂದು ದಿನ ಬಾಡಿಗೆ ಮೈದಾನ. ಅದಕ್ಕೆ ಮೊದಲು ಒಂದು ತಿಂಗಳು ರಸ್ತೆಯಲ್ಲಿ ಮಾರ್ಚ್ ಪಾಸ್ಟ್ ಅಭ್ಯಾಸ. ಸಾವಧಾನ್, ವಿಶ್ರಾಮ್, ದಹಿನೇ ಮುಡ್. ಅತಿಥಿಗಳು ತಡವಾಗಿ ಬಂದರು ಅಂತ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ, ನನ್ನ ಮುಂದಿದ್ದ ಹುಡುಗ ತಲೆಸುತ್ತಿ ಬಿದ್ದ. ಅವನ ಅಂಗೈಗೆ ಒಂದು ಚಮಚ ಗ್ಲೂಕೋಸ್ ಪುಡಿ ಹಾಕಿ, ಮತ್ತೆ ಸಾಲಿಗೇ ನಿಲ್ಲಿಸಿದರು. ಬಿಳಿ ಕ್ಯಾನ್ವಾಸ್ ಶೂ ಇಲ್ಲದವರನ್ನು ಹಿಂದಿನ ಸಾಲಿಗೆ ಕಳಿಸುತ್ತಿದ್ದರು. ಎರಡು ಮೂರು ಜನ ಓಟಗಾರರು ಎಲ್ಲ ಸ್ಪರ್ಧೆಯಲ್ಲೂ ಓಡುತ್ತಿದ್ದರು, ಉಳಿದ ನಾವು ಚಪ್ಪಾಳೆ ತಟ್ಟುವವರು.

ಈಗ ನನ್ನ ಮಗಳ ಶಾಲೆಯಲ್ಲಿ ಪ್ರತಿ ಮಗುವೂ ಒಂದಲ್ಲ ಒಂದು ಆಟದಲ್ಲಿ ಇರಲೇಬೇಕು. ಕುಡಿಯುವ ನೀರು, ನೆರಳು, ನರ್ಸ್ ಇದ್ದಾರೆ. ಹಳೆಯದೇ ಮೇಲು ಅಂತ ಹೇಳುವ ಮುಂಚೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೇಮಾವತಿ ದಂಡೆ (ಹಾಸನ ಜಿಲ್ಲೆ):

ನೆರಳು, ನೀರು, ಎಲ್ಲ ಮಕ್ಕಳಿಗೂ ಅವಕಾಶ, ಇದರಲ್ಲಿ ಎರಡು ಮಾತಿಲ್ಲ. ತುಂಗಾತೀರದವರು ಬರೆದದ್ದು ಮನಸ್ಸಿಗೆ ನಾಟಿತು, ನಮ್ಮ ಶಾಲೆಯಲ್ಲೂ ಅದೇ ಕಥೆ.

ಆದರೂ ಒಂದು ಮಾತಿಗೆ ನಾನು ಅಂಟಿಕೊಳ್ಳುತ್ತೇನೆ. ಮೈದಾನ ಇಲ್ಲದ ಶಾಲೆಗೆ ಅನುಮತಿ ಸಿಗಬಾರದು. ಊರ ಶಾಲೆಯ ಮೈದಾನದಲ್ಲಿ ಒಂದು ಮೂಲೆಗೆ ನೀರಿನ ಟ್ಯಾಂಕು, ಇನ್ನೊಂದು ಮೂಲೆಗೆ ಸಮುದಾಯ ಭವನ ಬಂದು, ಉಳಿದದ್ದರಲ್ಲಿ 100 ಮೀಟರ್ ನೇರ ಓಡಲು ಜಾಗವಿಲ್ಲದೆ ಹೋಗಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಟ್ರ್ಯಾಕ್ ಸೂಟ್ ಹಾಕಿಕೊಂಡ ಮಗು ಓಡಬೇಕಾದದ್ದು ಎಲ್ಲಿ? ದೈಹಿಕ ಶಿಕ್ಷಕರು ನಿವೃತ್ತರಾದ ಮೇಲೆ ಆ ಹುದ್ದೆ ಖಾಲಿಯೇ ಉಳಿಯುವ ಶಾಲೆಗಳೂ ಇವೆ. ಕನ್ನಡದ ಮೇಷ್ಟ್ರೋ ವಿಜ್ಞಾನದ ಮೇಡಮ್ಮೋ ಸೀಟಿ ಹಿಡಿದು ನಿಲ್ಲುತ್ತಾರೆ. ಅವರ ಒಳ್ಳೆಯತನ ದೊಡ್ಡದು, ಆದರೆ ಆ 14.80ರ ಗಂಟು ಹಾಕುವ ಕೈ ಬೇರೆಯೇ.

ಎರೆಹೊಲ (ಧಾರವಾಡ ಜಿಲ್ಲಾ):

ಖರೇ ಮಾತು. ಕಬಡ್ಡಿ ನೋಡ್ರಿ, 1990ರಾಗ ಬೀಜಿಂಗ್ ಏಷ್ಯನ್ ಗೇಮ್ಸಿಗೆ ಸೇರಿ ಭಾರತ ಚಿನ್ನ ಗೆದ್ದದ್ದು ರೇಡಿಯೋದಾಗ ಕೇಳಿ ನಮ್ಮ ಊರಾಗ ಹೋಳಗಿ ಮಾಡಿದ್ರು. ಈಗ ಟೀವ್ಯಾಗ ಮ್ಯಾಟ್ ಮ್ಯಾಲೆ 30 ಸೆಕೆಂಡಿನ ಗಡಿಯಾರ ಓಡ್ತದ. ನಾವು ಆಡೋವಾಗ ಗಡಿಯಾರ ಇರಲಿಲ್ಲ, ಉಸರು ಇತ್ತು. ಉಸರು ಬಿಟ್ಟ ಅಂತ ಅಂಪೈರ್ ಮಾಸ್ತರ್ ಕಿವಿಗೊಟ್ಟು ಕೇಳತಿದ್ರು. ಆಟ ದೊಡ್ಡದಾತು, ಸಂತೋಷ. ನಮ್ಮ ಸಾಲಿ ಅಂಕಣದಾಗ ಮಾತ್ರ ಈಗ ಜಾಲಿ ಬೆಳದದ.

ಮರುಭೂಮಿಯ ಮಲ್ಲಿಗೆ (ದುಬೈ):

ಇಲ್ಲಿ ಚಳಿಗಾಲ ಶುರುವಾದ ಮೇಲೆ ನಾವು ಕನ್ನಡದ ಮನೆಗಳವರು ಸೇರಿ ಪಾರ್ಕಿನಲ್ಲಿ ಆಟೋಟ ಮಾಡುತ್ತೇವೆ. ಗೋಣಿಚೀಲ ಸಿಗಲ್ಲ, ಅಕ್ಕಿಯ ನೂಲಿನ ಚೀಲ ಕೂಡಿಡುತ್ತೇವೆ. ಲಗೋರಿಗೆ ಏಳು ಚಪ್ಪಟೆ ಕಲ್ಲಿನ ಬದಲು ಮರದ ಬಿಲ್ಲೆ ಮಾಡಿಸಿದ್ದೇವೆ. ಇಲ್ಲೇ ಹುಟ್ಟಿದ ಮಕ್ಕಳು ಕಲ್ಲು ಜೋಡಿಸುವಾಗ ಬೆನ್ನಿಗೆ ಚೆಂಡು ಬಿದ್ದರೆ ಅಳುವುದಿಲ್ಲ, ನಗುತ್ತಾರೆ. ಮೇಷ್ಟ್ರ ಪೋಸ್ಟನ್ನು ನಮ್ಮ ಗುಂಪಿಗೆ ಕಳಿಸಿದ್ದೇನೆ.

ಸ್ಟೀಲ್ ಲೋಟ (ತುಮಕೂರು):

ಬಹುಮಾನಗಳ ಬಗ್ಗೆ ಯಾರೂ ಬರೆಯಲಿಲ್ಲವಲ್ಲ. ನಮಗೆ ಕೊಡುತ್ತಿದ್ದುದು ಸ್ಟೀಲ್ ಲೋಟ, ತಟ್ಟೆ, ಡಬ್ಬಿ. ಪಾತ್ರೆ ಅಂಗಡಿಯವರು ಸಣ್ಣ ಮೊಳೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಹೆಸರು ಕೆತ್ತಿ ಕೊಡುವರು: ಶಾಲೆ, ಇಸವಿ, "ಗುಂಡು ಎಸೆತ, ಪ್ರಥಮ". ನಮ್ಮಣ್ಣನ ಆ ಲೋಟದಲ್ಲಿ ನಮ್ಮಮ್ಮ ಇವತ್ತಿಗೂ ಹಾಲು ಅಳೆಯುತ್ತಾರೆ. ಗೆದ್ದ ಸಾಮಾನು ದಿನಾ ಬಳಕೆಗೆ ಬರಬೇಕು, ಗಾಜಿನ ಕಪಾಟಿನ ಪ್ಲಾಸ್ಟಿಕ್ ಕಪ್ಪು ನನಗೆ ಒಗ್ಗಲಿಲ್ಲ.

ಕಬ್ಬಿನಗದ್ದೆ (ಮಂಡ್ಯ):

ಚಿಕ್ಕಪ್ಪ ಕೇಳಿಸ್ಕೊಂಡ್ರು. "ಆ ಮೇಷ್ಟ್ರು ಹಗ್ಗ ನನ್ನ ಕೈಗೆ ಕೊಟ್ಟಿದ್ರೆ ಅವತ್ತೇ ಒಪ್ತಿದ್ದೆ" ಅಂದ್ರು.

ಇನ್ನೊಂದು ವಿಷಯ. ಇದನ್ನೆಲ್ಲ ಓದಿ ನಮ್ಮ ಬ್ಯಾಚಿನವರು ಮಾತಾಡಿಕೊಂಡಿದೀವಿ. ಸಂಕ್ರಾಂತಿಗೆ ಎಲ್ಲ ಊರಿಗೆ ಬರ್ತಾರೆ, ನಮ್ಮ ಶಾಲೇಲಿ ಈಗಿನ ಮಕ್ಕಳಿಗೂ ಹಳಬರಿಗೂ ಸೇರಿಸಿ ಒಂದು ಕ್ರೀಡಾಕೂಟ ಮಾಡೋಣ ಅಂತ. ಹೆಡ್ ಮಿಸ್ ಒಪ್ಪಿದಾರೆ. ಮೈದಾನದ ಕೆಲಸಕ್ಕೆ ನಾವೇ ಹೋಗ್ತೀವಿ, ಮಕ್ಕಳನ್ನೂ ಸೇರಿಸ್ಕೋತೀವಿ. ಮೇಷ್ಟ್ರೇ, ಏನೇನು ನೋಡ್ಕೋಬೇಕು ಹೇಳಿ.

ಸುಣ್ಣದ ಗೆರೆ (ನಿವೃತ್ತ ದೈಹಿಕ ಶಿಕ್ಷಕ, ಚಿತ್ರದುರ್ಗ ಜಿಲ್ಲೆ):

ಬಹಳ ಸಂತೋಷವಾಯಿತು. ತೋಚಿದ್ದು ಹೇಳುತ್ತೇನೆ.

ಗೆರೆಗೆ ಸುಟ್ಟ ಸುಣ್ಣ ಹಾಕಲೇಬೇಡಿ. ಬೆವರು, ನೀರು ತಾಗಿದರೆ ಬರಿಗಾಲು ಸುಡುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಕಷ್ಟ. ರಂಗೋಲಿ ಪುಡಿ ಅಥವಾ ಸೀಮೆಸುಣ್ಣದ ಪುಡಿ ಸಾಕು. ತಳಕ್ಕೆ ತೂತು ಹೊಡೆದ ಡಬ್ಬದಲ್ಲಿ ತುಂಬಿ ಹಗ್ಗದ ಗುಂಟ ಅಲ್ಲಾಡಿಸುತ್ತ ನಡೆದರೆ ಗೆರೆ ನೆಟ್ಟಗೆ ಬರುತ್ತದೆ. ಮರಳಿನ ಗುಂಡಿಯನ್ನು ಹಿಂದಿನ ದಿನ ಪೂರ್ತಿ ಅಗೆದು ಜಾಲಿಸಿ, ಗಾಜಿನ ಚೂರು ಇರುತ್ತದೆ.

ಹಗ್ಗಜಗ್ಗಾಟಕ್ಕೆ ನೈಲಾನ್ ಬೇಡ, ಅಂಗೈ ಕಿತ್ತುಬರುತ್ತದೆ. ನಾರಿನ ದಪ್ಪ ಹಗ್ಗ ತನ್ನಿ. ಒಂದು ಕಡೆಗೆ ಎಂಟು ಜನ. ನಡುವಿನ ಗುರುತಿನಿಂದ ಎರಡೂ ಕಡೆ 4 ಮೀಟರಿಗೆ ಒಂದೊಂದು ಗುರುತು ಹಾಕಿ, ಅದು ನಡುಗೆರೆ ದಾಟಿದರೆ ಗೆದ್ದ ಹಾಗೆ. ಯಾರೂ ಹಗ್ಗವನ್ನು ಕೈಗೆ, ಸೊಂಟಕ್ಕೆ ಸುತ್ತಿಕೊಳ್ಳಕೂಡದು, ಇದನ್ನು ಮೈಕಿನಲ್ಲಿ ಎರಡು ಸಲ ಹೇಳಿ. ಹಳಬರಿಗೆ 100 ಮೀಟರ್ ಇಡಬೇಡಿ. ಐವತ್ತು ದಾಟಿದವರು ಮೈ ಕಾಯಿಸದೆ ಒಮ್ಮೆಲೇ ಓಡಿದರೆ ತೊಡೆಯ ಹಿಂದಿನ ಸ್ನಾಯು ಕಿತ್ತುಕೊಳ್ಳುತ್ತದೆ. ಅವರಿಗೆ ನಿಧಾನ ಸೈಕಲ್, ಲಗೋರಿ, ಬಕೆಟ್ಟಿಗೆ ಚೆಂಡು ಎಸೆಯುವುದು ಇಡಿ. ಹೆಣ್ಣುಮಕ್ಕಳಿಗೆ ಓಟ, ಜಿಗಿತ, ಗುಂಡು ಎಸೆತ ಎಲ್ಲ ಇರಲಿ, ರಿಲೇಯನ್ನು ಮರೆಯಬೇಡಿ.

200 ಮೀಟರಿನ ಟ್ರ್ಯಾಕನ್ನು ನಾಲ್ಕು ಪಥಕ್ಕೆ ಹಾಕಬೇಕಾದರೆ ಸುಮಾರು 95 ಮೀಟರ್ ಉದ್ದ, 42 ಮೀಟರ್ ಅಗಲ ಬೇಕು. ಅಷ್ಟಿಲ್ಲದಿದ್ದರೆ ತ್ರಿಜ್ಯ ಬದಲಿಸಿ ಸುತ್ತನ್ನು ಚಿಕ್ಕದು ಮಾಡಬಹುದು. ನಿಮ್ಮ ಮೈದಾನದ ಉದ್ದ, ಅಗಲ, ಮರ ಎಲ್ಲಿದೆ, ಇಳಿಜಾರು ಯಾವ ಕಡೆಗೆ, ಇಷ್ಟನ್ನು ಅಳೆದು ಇಲ್ಲೇ ಹಾಕಿ. ಲೆಕ್ಕ ಮಾಡಿ ಗೂಟ ಎಲ್ಲಿ ಹೊಡೆಯಬೇಕು ಅಂತ ಹೇಳುತ್ತೇನೆ.